ಕೂನೂರಿನ ನಾಲ್ಕು ಗೆಡ್ಡೆ

ಹಾಸನ,
೧೨-೭-೧೯೫೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ,

ತಂಗಿ ದಾಕ್ಷಾಯಣಿಯ ನಮಸ್ಕಾರ. ನೀನು, ಅತ್ತಿಗೆ, ಮಕ್ಕಳು ಎಲ್ಲರೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಈ ಸಲದ ಬಾಣಂತನದ ಮೇಲೆ ಅತ್ತಿಗೆಗೆ ಸೊಂಟನೋವು ಬಿಟ್ಟೇ ಇಲ್ಲ ಎಂದು ಬರೆದಿದ್ದೀಯ. ಕೂನೂರಿನ ಥಂಡಿಗೆ ಅದು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಂಡು, ತಡೆಯುವಷ್ಟು ಬಿಸಿನೀರು ಹಾಕಿಕೊಳ್ಳಲಿ. ಕೊಡ ಎತ್ತುವ ಕೆಲಸವನ್ನಾದರೂ ನೀನು ಮಾಡು, ಗಂಡಸಿನ ಮರ್ಯಾದೆಗೆ ಏನೂ ಆಗುವುದಿಲ್ಲ. ದೊಡ್ಡವನ ಕೆಮ್ಮು ಹೇಗಿದೆ? ಕೊನೆಯ ಕೂಸಿಗೆ ನಮ್ಮ ಅಮ್ಮನ ಮೂಗು ಬಂದಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಸಂತೋಷವಾಯಿತು. ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಎಂಟು ದಿನದಿಂದ ಸೋನೆ ಹಿಡಿದಿದೆ. ಹಿಂಡಿ ಹಾಕಿದ ಸೀರೆ ಎರಡು ದಿನವಾದರೂ ಒಣಗುವುದಿಲ್ಲ.

ಮೇಲೆ ಹಾಸನ ಎಂದು ಬರೆದದ್ದನ್ನು ನೋಡಿ ನೀನು ಬೆಚ್ಚಿರಬಹುದು. ನಿನ್ನ ಕಾಗದ ರುದ್ರಪಟ್ಟಣಕ್ಕೇ ಹೋಗಿತ್ತು. ಅಂಚೆಯ ಲಕ್ಕಯ್ಯ ಹಳೆಯ ವಿಳಾಸ ಹೊಡೆದುಹಾಕಿ ಇಲ್ಲಿಗೆ ಕಳಿಸಿದ. ನಾನು ಜೂನ್ ಮೊದಲ ವಾರದಿಂದ ಇಲ್ಲಿದ್ದೇನೆ. ಉಪಾಧ್ಯಾಯಿನಿಯರ ತರಬೇತಿಗೆ ಸೇರಿದ್ದೇನೆ, ಅದಕ್ಕೆ ಸೇರಿದ ಹಾಸ್ಟೆಲಿನಲ್ಲೇ ವಾಸ. ಒಂದು ಕೋಣೆಗೆ ಆರು ಜನ. ಚನ್ನರಾಯಪಟ್ಟಣದ ಕಡೆಯ ಇಬ್ಬರು ಹುಡುಗಿಯರು ದೀಪ ಆರಿದ ಮೇಲೂ ಮಾತು ನಿಲ್ಲಿಸುವುದಿಲ್ಲ. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತೇವೆ. ಈರುಳ್ಳಿ ತಿನ್ನದ ನಮ್ಮ ಮೂವರಿಗೆ ಮಾತ್ರ ಅಡುಗೆಯವರು ಬೇರೆ ಪಾತ್ರೆಯಲ್ಲಿ ಸಾರು ತೆಗೆದಿಡುತ್ತಾರೆ. ಇವತ್ತು ಭಾನುವಾರವಾದ್ದರಿಂದ ಹುಳಿ ಜೋರಾಗಿದೆ. ನಾನು ಇದನ್ನು ಬರೆಯುತ್ತ ಕೂತಿರುವ ಕಿಟಕಿಗೇ ವಾಸನೆ ಬರುತ್ತಿದೆ.

ಕಾರ್ಡು ಬೇಡವೆಂದು ಲಕೋಟೆ ತರಿಸಿ, ಅಂಟಿಸಿ ಕಳಿಸುತ್ತಿದ್ದೇನೆ. ಕಾರ್ಡಿನಲ್ಲಿ ಬರೆದದ್ದು ಯಾರು ಯಾರ ಕಣ್ಣಿಗೆ ಬೀಳುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕಂಪನಿಯವರು ದೊಡ್ಡ ಮನೆ ಕೊಟ್ಟಿದ್ದಾರೆ, ಮೂರನೆಯ ಕೋಣೆ ಖಾಲಿ ಇದೆ, ಅತ್ತಿಗೆಗೆ ಒಬ್ಬಳ ಕೈಯಲ್ಲಿ ಆಗುತ್ತಿಲ್ಲ, ಆದ್ದರಿಂದ ನಾನು ಬಂದರೆ ನನಗೂ ನೆಮ್ಮದಿ ನಿಮಗೂ ಅನುಕೂಲ ಎಂದು ಬರೆದಿದ್ದೀಯ. ಬರುವ ತಿಂಗಳು ಖುದ್ದಾಗಿ ಬಂದು ಕರೆದುಕೊಂಡು ಹೋಗುತ್ತೀಯಂತೆ, ರಜೆಯೂ ಮಂಜೂರಾಗಿದೆಯಂತೆ. ರಜೆ ಎನ್ನುವುದು ಸಿಗುವ ವಸ್ತು ಎಂದು ನನಗೆ ಈಗ ತಿಳಿಯಿತು. ಕೊನೆಯಲ್ಲಿ, ಹಿಂದೆ ಕಳಿಸಿದ ಹೂವಿನ ಗೆಡ್ಡೆ ಏನಾಯಿತು ಎಂದೂ ಕೇಳಿದ್ದೀಯ. ಅಷ್ಟು ಸಲೀಸಾಗಿ ನೀನು ಅದನ್ನು ಕೇಳಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಕೇಳಿದ್ದೀಯಲ್ಲ, ಹೇಳುತ್ತೇನೆ. ಕೂತು ಓದು.

ನಮ್ಮವರ ಎರಡನೆಯ ವರ್ಷದ ತಿಥಿಗೆ ನೀನು ರುದ್ರಪಟ್ಟಣಕ್ಕೆ ಬಂದಿದ್ದೆ. ಊಟವಾದ ಮೇಲೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು ನಿಮ್ಮ ಮ್ಯಾನೇಜರ ಬಂಗಲೆಯ ಬೇಲಿಯುದ್ದಕ್ಕೂ ಬಿಡುವ ನೀಲಿ ಹೂವಿನ ಮಾತು ತೆಗೆದೆ. ಸೊಂಟದೆತ್ತರದ ದಂಟು, ತುದಿಯಲ್ಲಿ ತುರಾಯಿ ಕಟ್ಟಿದ ಹಾಗೆ ಹೂವಿನ ಗೊಂಚಲು, ಬೇಸಿಗೆಯಲ್ಲಿ ಬೇರೆಲ್ಲ ಬಾಡಿದಾಗ ಅದು ಬಿಡುತ್ತದೆ ಎಂದೆ. ವಾಸನೆಯಿಲ್ಲ, ದೇವರಿಗೆ ಏರಿಸುವುದಿಲ್ಲ, ಮುಡಿಯುವುದಕ್ಕೂ ಆಗುವುದಿಲ್ಲ, ಆ ದೊರೆಗಳು ಸುಮ್ಮನೆ ನೋಡುವುದಕ್ಕೆ ಬೆಳೆಸುತ್ತಾರೆ ಎಂದು ನಕ್ಕೆ. ನಾನು ನಗಲಿಲ್ಲ. ಅದರ ಗೆಡ್ಡೆ ನನಗೆ ಬೇಕು ಎಂದೆ. ಯಾಕೆ ಎಂದು ನೀನು ಕೇಳಲಿಲ್ಲ, ಆಗ ನನಗೆ ಅದೇ ಸಮಾಧಾನವಾಗಿತ್ತು. ಈಗ ಹೇಳುತ್ತೇನೆ. ಆ ಮನೆಯಲ್ಲಿ ದಿನಾ ಬೆಳಿಗ್ಗೆ ಮಲ್ಲಿಗೆ, ಕನಕಾಂಬರ, ಸುಗಂಧರಾಜ ಕಟ್ಟುವವಳು ನಾನೇ. ದೇವರಿಗೆ ಒಂದು ಮಾಲೆ, ಅತ್ತೆಗೆ ಒಂದು ತುಂಡು, ಓರಗಿತ್ತಿಗೆ ಒಂದು, ಮಾವನ ಹತ್ತಿರ ಸಂಗೀತ ಪಾಠಕ್ಕೆ ಬರುವ ಹುಡುಗಿಯರಿಗೆ ಒಂದೊಂದು. ಕಟ್ಟುವುದಕ್ಕೆ ನನಗೆ ಅಡ್ಡಿಯಿರಲಿಲ್ಲ, ಮುಡಿಯುವುದಕ್ಕೆ ಮಾತ್ರ. ಕಟ್ಟಿ ಮುಗಿಸಿದ ಕೈಯನ್ನು ಸೆರಗಿಗೆ ಉಜ್ಜಿಕೊಂಡರೂ ಮಧ್ಯಾಹ್ನದವರೆಗೆ ಆ ವಾಸನೆ ಹೋಗುತ್ತಿರಲಿಲ್ಲ. ಯಾರೂ ಮುಡಿಯದ, ಯಾರಿಗೂ ಬೇಡದ ಒಂದು ಹೂವಾದರೆ ಅದು ನನ್ನದಾಗಿ ಉಳಿದೀತು ಎಂದು ಆಸೆಪಟ್ಟೆ, ಅಷ್ಟೇ.

ಮುಂದಿನ ಆಷಾಢದಲ್ಲಿ ನಿನ್ನ ಪಾರ್ಸಲು ಬಂತು. ಮನೆಯವರೆಲ್ಲ ರಾಮನಾಥಪುರಕ್ಕೆ ಹೊಳೆಯ ಸ್ನಾನಕ್ಕೆ ಹೋಗಿದ್ದರು, ಲಕ್ಕಯ್ಯ ನನ್ನ ಕೈಗೇ ಕೊಟ್ಟ. ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕು ಗೆಡ್ಡೆ. ಎಲೆಯನ್ನು ನೀನು ಗೇಣುದ್ದಕ್ಕೆ ಕತ್ತರಿಸಿದ್ದೆ, ಬುಡ ಬೆಳ್ಳಗೆ ಪದರ ಪದರವಾಗಿತ್ತು, ಕೆಳಗೆ ಗಡ್ಡದ ಹಾಗೆ ಬೇರು. ಜೊತೆಗೆ ಒಂದು ಕಾಗದ. ಪ್ರಯಾಣದಲ್ಲಿ ದಣಿದಿರುತ್ತದೆ, ಎಂಟು ದಿನ ನೆರಳಿನಲ್ಲಿ ತೇವದ ಮರಳಲ್ಲಿ ಇಟ್ಟು ಆಮೇಲೆ ನೆಡು. ಪೂರ್ತಿ ಹೂಳಬೇಡ, ಕತ್ತು ಮಣ್ಣಿನ ಮೇಲಿರಲಿ. ಬೆಳಗಿನ ಬಿಸಿಲು ಸಾಕು. ಚಳಿಗಾಲದಲ್ಲಿ ನೀರು ಕಡಿಮೆ ಮಾಡು. ಒಮ್ಮೆ ಕಿತ್ತು ನೆಟ್ಟರೆ ಎರಡು ವರ್ಷ ಮುನಿಸಿಕೊಂಡು ಕೂರುತ್ತದೆ, ಬೇರು ಒತ್ತೊತ್ತಾಗಿ ಜಾಗ ಸಾಲದೆ ಹೋದಾಗ ತಾನೇ ಹೂ ಬಿಡುತ್ತದೆ. ಇಷ್ಟನ್ನೂ ನಾನು ಇವತ್ತಿಗೂ ಬಾಯಿಪಾಠ ಹೇಳಬಲ್ಲೆ. ಅದರ ಕೆಳಗೆ ಇನ್ನೂ ಮೂರು ಸಾಲು ಇತ್ತು. ದೀಪಾವಳಿಗೆ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಮುಂದೆ ಓದಿಸುತ್ತೇನೆ, ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಿಗೂ ಸುಳಿವು ಕೊಡಬೇಡ, ತಿಳಿದರೆ ತಡೆಯುತ್ತಾರೆ. ಆ ಮೂರು ಸಾಲೂ ಬಾಯಿಪಾಠವೇ.

ಗೆಡ್ಡೆಗಳನ್ನು ಉಗ್ರಾಣದ ಮೂಲೆಯ ಮಡಕೆಯಲ್ಲಿ ಮರಳು ಹಾಕಿ ಇಟ್ಟೆ. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಐದನೆಯ ದಿನ ಅತ್ತೆ ಹುಣಿಸೆಹಣ್ಣು ತೆಗೆಯಲು ಹೋದವರು ಮಡಕೆ ಎಡವಿದರು. ಅವರು ಕೂಗಿದ್ದಕ್ಕೆ ಮಾವ ಪಾಠ ನಿಲ್ಲಿಸಿ ಎದ್ದುಬಂದರು, ಹಿಂದೆ ಭಾವ, ಅವರ ಹಿಂದೆ ಪಾಠದ ಹುಡುಗರು. ಮಡಿಯಲ್ಲಿ ಹನ್ನೆರಡು ಎಲೆಗೆ ಅಡುಗೆ ಮಾಡುವ ಹೆಂಗಸು ಉಗ್ರಾಣದಲ್ಲಿ ಈರುಳ್ಳಿ ಬಚ್ಚಿಟ್ಟುಕೊಂಡಿದ್ದಾಳೆ ಎಂದಾಯಿತು. ಆ ಮನೆಯೊಳಕ್ಕೆ ತಲೆತಲಾಂತರದಿಂದ ಈರುಳ್ಳಿ ಬಂದದ್ದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿದವರು ಅಲ್ಲಿ ಯಾರೂ ಇರಲಿಲ್ಲ. ಸಂತೆಯಲ್ಲಿ ದೂರದಿಂದ ಕಂಡದ್ದಷ್ಟೇ. ಹೂವಿನ ಗೆಡ್ಡೆ, ಬೇಕಾದರೆ ಮೂಸಿ ನೋಡಿ ಎಂದೆ. ಮೂಸುವುದೂ ದೋಷವೇ ಎಂದು ಮಾವ ಪಂಚೆಯ ಅಂಚನ್ನು ಮೂಗಿಗೆ ಹಿಡಿದುಕೊಂಡರು. ಯೋಚಿಸಿ ನೋಡು ಅಣ್ಣ. ಒಂದು ಉಸಿರು ಎಳೆದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಜನ ಶುದ್ಧಾತ್ಮರು ಮೂಗು ಮುಚ್ಚಿಕೊಂಡು ನಿಂತಿದ್ದರು.

ಕೊಟ್ಟಿಗೆ ಬಾಚಲು ಬರುವ ಮಾದಮ್ಮ ಗದ್ದಲ ಕೇಳಿ ಹಿತ್ತಿಲ ಬಾಗಿಲಿಗೆ ಬಂದಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ, ತಾನೇ ಹೇಳಿದಳು. "ಅದು ಈರುಳ್ಳಿ ಅಲ್ಲ ಕಣ್ರವ್ವ. ದಿನಾ ಈರುಳ್ಳಿ ಕಡ್ಕಂಡು ಮುದ್ದೆ ಉಣ್ಣೋರು ನಾವು, ನಮ್ಗೆ ಗೊತ್ತಾಗಕಿಲ್ವಾ? ಇಲ್ಲಿಗಂಟ ಒಂಚೂರೂ ಗಾಟು ಬಂದಿಲ್ಲ." ಆ ಮನೆಯಲ್ಲಿ ಈರುಳ್ಳಿಯ ವಿಷಯ ತಿಳಿದವಳು ಅವಳೊಬ್ಬಳೇ, ಆದ್ದರಿಂದಲೇ ಅವಳ ಮಾತು ಲೆಕ್ಕಕ್ಕೆ ಬರಲಿಲ್ಲ. ನೀನು ಹೋಗಿ ನಿನ್ನ ಕೆಲಸ ನೋಡು ಎಂದರು ಭಾವ. ಎಲ್ಲಿಂದ ಬಂತು ಎಂದು ಮಾವ ನನ್ನನ್ನು ಕೇಳಿದರು. ಅಣ್ಣ ಕಳಿಸಿದ್ದು ಎಂದೆ. ಹಾಗಾದರೆ ಕಾಗದವೆಲ್ಲಿ ಎಂದರು. ಕಾಗದ ನನ್ನ ಸೊಂಟದಲ್ಲೇ ಇತ್ತು. ತೆಗೆದು ಕೊಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ, ನಿನ್ನ ಮೂರು ಸಾಲು ಬಯಲಾಗುತ್ತಿತ್ತು. ಕಾಗದ ಬರಲಿಲ್ಲ ಎಂದೆ. ಕಾಗದವಿಲ್ಲದೆ ಪಾರ್ಸಲು ಬಂತೇ ಎಂದು ಅತ್ತೆ ಕೇಳಿದರು. ಅಲ್ಲಿಗೆ ನಾನು ಕಳ್ಳಿಯೂ ಆದೆ, ಸುಳ್ಳಿಯೂ ಆದೆ. ಆ ಮಧ್ಯಾಹ್ನ ಬಚ್ಚಲ ಹಂಡೆಯ ಒಲೆಗೆ ಕಾಗದ ಹಾಕಿ ಉರಿಸಿದೆ, ನಿನ್ನ ಗುಟ್ಟು ಕಾಪಾಡಿದೆನೆಂದು ಆಗ ಹೆಮ್ಮೆಯೂ ಪಟ್ಟೆ.

ಭಾವ ಗೆಡ್ಡೆಗಳನ್ನು ಕೋಲಿನಿಂದ ತಳ್ಳಿಕೊಂಡು ಹೋಗಿ ತಿಪ್ಪೆಗೆ ಹಾಕಿದರು. ಉಗ್ರಾಣ ತೊಳೆದರು, ಮಡಕೆ ಒಡೆದರು, ನನ್ನನ್ನು ಹೊಳೆಗೆ ಕಳಿಸಿ ಮುಳುಗು ಹಾಕಿಸಿದರು, ಪಂಚಗವ್ಯ ಕುಡಿಸಿದರು. ಅಡುಗೆಮನೆಯ ಹೊಸ್ತಿಲು ದಾಟಕೂಡದೆಂದು ಅಪ್ಪಣೆಯಾಯಿತು. ಹೂ ಕಟ್ಟುವುದೂ ತಪ್ಪಿತು. ಹಿತ್ತಿಲ ಜಗುಲಿಯಲ್ಲಿ ನನಗೊಂದು ಚಾಪೆ, ಒಂದು ತಟ್ಟೆ. ಮಾವ ನಿನಗೆ ಕಾಗದ ಬರೆದರು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತು, ಗಟ್ಟಿಯಾಗಿ ಹೇಳಿಕೊಂಡೇ ಬರೆದದ್ದು. ಈ ಗೆಡ್ಡೆ ನೀವು ಕಳಿಸಿದ್ದು ಹೌದೇ ಅಲ್ಲವೇ, ಹೌದಾದರೆ ಹಾಗೆಂದು ಬರೆಯಿರಿ. ನಮ್ಮ ಬೆನ್ನ ಹಿಂದೆ ಹೀಗೆಲ್ಲ ಕಳಿಸುವುದಾದರೆ ಬಂದು ನಿಮ್ಮ ತಂಗಿಯನ್ನೇ ಕರೆದುಕೊಂಡು ಹೋಗುವುದು ಒಳ್ಳೆಯದು. ಇಷ್ಟೇ. ನಾನೂ ಲಕ್ಕಯ್ಯನ ಕೈಯಲ್ಲಿ ಗುಟ್ಟಾಗಿ ಒಂದು ಕಾರ್ಡು ಹಾಕಿಸಿದೆ, ಗೆಡ್ಡೆ ನೀನೇ ಕಳಿಸಿದ್ದೆಂದು ಮಾವನಿಗೆ ಒಂದು ಸಾಲು ಬರಿ, ಬೇರೇನೂ ಬೇಡ ಎಂದು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಇನ್ನು ದೀಪಾವಳಿಯವರೆಗೆ ಕಾಯುವಂತಿಲ್ಲ, ಅಣ್ಣ ಈಗಲೇ ಬರಬೇಕಾಗುತ್ತದೆ ಎಂದು ಸೀರೆ ಮಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಹದಿನೆಂಟು ದಿನಕ್ಕೆ ನಿನ್ನ ಕಾರ್ಡು ಬಂತು. ಊರಿನ ಎಲ್ಲ ಕಾರ್ಡನ್ನೂ ಓದಿಯೇ ಕೊಡುವ ಲಕ್ಕಯ್ಯ ಅದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ಮಾವ ಅದನ್ನು ನಡುಮನೆಯಲ್ಲಿ, ತಂಬೂರಿ ಪಕ್ಕಕ್ಕೆ ಇಟ್ಟು, ಎಲ್ಲರಿಗೂ ಕೇಳುವಂತೆ ಓದಿದರು. "ನನ್ನ ತಂಗಿ ತಿಳಿವಳಿಕೆ ಸಾಲದೆ ತಪ್ಪು ನಡೆದುಕೊಂಡಿದ್ದರೆ ಹಿರಿಯರಾದ ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕಾಗಿ ಪ್ರಾರ್ಥನೆ. ಮುಂದೆ ಹೀಗಾಗದಂತೆ ಅವಳಿಗೆ ಬುದ್ಧಿ ಹೇಳುತ್ತೇನೆ. ರಜೆ ಸಿಗದ ಕಾರಣ ಬರಲು ಆಗುತ್ತಿಲ್ಲ." ಗೆಡ್ಡೆಯ ಮಾತೇ ಇಲ್ಲ. ಪಾಠದ ಹುಡುಗರಲ್ಲಿ ಒಬ್ಬ ನಕ್ಕ. ಅತ್ತೆ ಅವನನ್ನು ಗದರಿಸಿದರು, ಅಷ್ಟರಮಟ್ಟಿಗೆ ಅವರಿಗೆ ನನ್ನ ಮೇಲೆ ಕರುಣೆಯಿತ್ತು.

ನಿನಗಾಗ ಎರಡು ಕೋಣೆಯ ಮನೆ, ಅತ್ತಿಗೆ ಬಸುರಿ, ಸಂಬಳ ಸಾಲದು. ಹೌದು ನಾನೇ ಕಳಿಸಿದ್ದು ಎಂದು ಬರೆದಿದ್ದರೆ ನನ್ನನ್ನು ಹೊರಬೇಕಾಗುತ್ತಿತ್ತು. ಇದು ನನಗೆ ಆಮೇಲೆ ಜಗುಲಿಯಲ್ಲಿ ಕೂತು ಕೂತು ಅರ್ಥವಾಯಿತು. ನನಗೊಂದು ಕಾಗದದಲ್ಲಿ ಹಾಗೆಂದೇ ಬರೆದಿದ್ದರೆ ನಾನು ನಿನ್ನನ್ನು ಬಯ್ಯುತ್ತಲೂ ಇರಲಿಲ್ಲ. ಬಡತನವನ್ನು ಕ್ಷಮಿಸಬಹುದು. ಆದರೆ ನಾಲ್ಕು ಗೆಡ್ಡೆಯನ್ನು ನಿನ್ನ ಕೈಯಾರೆ ಗೋಣಿಯಲ್ಲಿ ಸುತ್ತಿದವನು, ಅವು ಈರುಳ್ಳಿಯೆಂದು ಒಪ್ಪಿ ನನ್ನ ಪರವಾಗಿ ಕ್ಷಮೆ ಕೇಳಿದೆಯಲ್ಲ, ಅದನ್ನು ಏನೆಂದು ಕರೆಯಲಿ? ಅವರು ಅನುಮಾನಪಟ್ಟಿದ್ದರು, ತೀರ್ಪು ಕೊಟ್ಟವನು ನೀನು. ದೀಪಾವಳಿ ಬಂತು, ಹೋಯಿತು. ಆಮೇಲಿನ ಎರಡು ದೀಪಾವಳಿಗಳೂ ಹೋದವು.

ಇನ್ನು ಗೆಡ್ಡೆಯ ಸಂಗತಿ. ಮಾದಮ್ಮ ಮಾರನೆಯ ದಿನ ತಿಪ್ಪೆ ಕೆದಕಿದಳು. ಮೂರನ್ನು ದನ ತುಳಿದು ಹಾಕಿದ್ದವು, ಒಂದು ಉಳಿದಿತ್ತು. ಅದನ್ನು ಸೆರಗಿನಲ್ಲಿ ತಂದು ಕೊಟ್ಟಳು. ಕೊಟ್ಟಿಗೆಯ ಹಿಂದೆ ಒಡೆದ ಕಲಗಚ್ಚಿನ ಬಾನಿಯೊಂದು ಬಿದ್ದಿತ್ತು. ಅವಳು ಹೊಳೆಯ ಮರಳು ತಂದಳು, ನಾನು ಹಳೆಯ ಗೊಬ್ಬರ ಪುಡಿ ಮಾಡಿದೆ. ಸುಟ್ಟ ಕಾಗದದಲ್ಲಿ ನೀನು ಹೇಳಿದ್ದ ಹಾಗೇ ಕತ್ತು ಮೇಲೆ ಬಿಟ್ಟು ನೆಟ್ಟೆವು. ಮೊದಲ ಬೇಸಿಗೆ ಎಲೆ ಬಂತು, ಹೂವಿಲ್ಲ. ಎರಡನೆಯ ಬೇಸಿಗೆಯೂ ಎಲೆಯೇ. ಬುಡದಲ್ಲಿ ಮರಿ ಮೂಡಿದವು. ಬಾನಿ ತುಂಬಿ ಒಂದು ಕಡೆ ಬಿರುಕು ದೊಡ್ಡದಾಯಿತು, ನಾನು ಹಗ್ಗ ಸುತ್ತಿ ಬಿಗಿದೆ, ಗೆಡ್ಡೆಯನ್ನು ಕದಲಿಸಲಿಲ್ಲ. ಅದು ಹೂ ಬಿಡಲೇಬೇಕಿತ್ತು, ನನ್ನ ಕಡೆಗೆ ಬೇರೆ ಸಾಕ್ಷಿ ಇರಲಿಲ್ಲ. ಅಡುಗೆಮನೆ ತಪ್ಪಿದ್ದರಿಂದ ನನಗೆ ಹಗಲೆಲ್ಲ ಬಿಡುವು. ಸುಮ್ಮನೆ ಕೂರಲಾರದೆ ಪಾಠದ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿದೆ, ಮಾದಮ್ಮನ ಮೊಮ್ಮಗಳಿಗೂ ತಿದ್ದಿಸಿದೆ. ಹೊಳೆನರಸೀಪುರದಲ್ಲಿ ಅಪ್ಪ ಓದಿಸಿದ್ದ ಲೋಯರ್ ಸೆಕೆಂಡರಿಯ ಪುಸ್ತಕಗಳನ್ನು ಮತ್ತೆ ತೆಗೆದೆ. ಅರಕಲಗೂಡಿನ ಶಾಲೆಯ ಮೇಡಂ ಒಬ್ಬರು ತರಬೇತಿಯ ಅರ್ಜಿ ತಂದುಕೊಟ್ಟರು. ಪೋಷಕರು ಎನ್ನುವ ಜಾಗದಲ್ಲಿ ಮೊದಲು ನಿನ್ನ ಹೆಸರು ಬರೆದೆ. ಆಮೇಲೆ ಹೊಡೆದುಹಾಕಿ ನನ್ನ ಹೆಸರನ್ನೇ ಬರೆದೆ. ಇಪ್ಪತ್ತೈದು ವರ್ಷದವಳು, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಈ ವೈಶಾಖದಲ್ಲಿ ಎಲೆಗಳ ನಡುವಿನಿಂದ ದಂಟು ಎದ್ದಿತು. ತುದಿಯಲ್ಲಿ ಕೊಕ್ಕಿನ ಹಾಗೆ ಮುಚ್ಚಿದ ಮೊಗ್ಗು. ಹತ್ತು ದಿನಕ್ಕೆ ಪೊರೆ ಸೀಳಿ ಗೊಂಚಲು ಬಿಚ್ಚಿತು. ನೀನು ಹೇಳಿದ ನೀಲಿಯೇ, ಒಂದೊಂದು ಎಸಳಿನ ನಡುವೆಯೂ ಕಡುನೀಲಿ ಗೆರೆ. ಮಾದಮ್ಮ ಸಗಣಿ ಕೈಯನ್ನು ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತಳು. "ನಾ ಅವತ್ತೇ ಯೋಳಿದ್ದೆ" ಎಂದಳು. ನಾನು ಅತ್ತೆ ಮಾವ ಇಬ್ಬರನ್ನೂ ಕೊಟ್ಟಿಗೆಯ ಹಿಂದಕ್ಕೆ ಕರೆತಂದೆ. ಮೂರು ವರ್ಷದಿಂದ ಆ ಗಳಿಗೆಗೆ ಎಷ್ಟೊಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅತ್ತೆ ಬಗ್ಗಿ ನೋಡಿದರು. ಈ ಬಣ್ಣ ದೇವರಿಗೆ ಏರುವುದಿಲ್ಲ ಎಂದರು. ಸೊಂಟ ನೆಟ್ಟಗೆ ಮಾಡಿಕೊಂಡು, ನಾಳೆಯಿಂದ ಮಡಿಯುಟ್ಟು ಒಳಗೆ ಬಾ, ನನಗೂ ಕೈಲಾಗುವುದಿಲ್ಲ ಎಂದರು. ನನ್ನ ಶಿಕ್ಷೆ ಮುಗಿಯಿತು ಎನ್ನುವುದನ್ನು ಅವರು ಹೇಳಿದ್ದು ಹಾಗೆ. ಹನ್ನೆರಡು ಎಲೆಯ ಅಡುಗೆ ವಾಪಸು ಕೊಟ್ಟರು. ನಾನು ಮಾವನ ಕಡೆ ತಿರುಗಿ, ಇದು ಈರುಳ್ಳಿಯೇ ಎಂದು ಕೇಳಿದೆ. ಅವರು ಸಿಟ್ಟಾಗಲಿಲ್ಲ, ನಿಧಾನವಾಗಿಯೇ ಹೇಳಿದರು.

"ನಮಗೆ ಹೇಗಮ್ಮ ಗೊತ್ತಾಗಬೇಕು? ನಿಮ್ಮಣ್ಣನೇ ಒಪ್ಪಿಕೊಂಡು ಬರೆದಿದ್ದನಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮೂರು ವರ್ಷ ನಾನು ಯಾರ ಮೇಲೆ ಹಲ್ಲು ಕಡಿಯುತ್ತಿದ್ದೆನೋ ಅವರು ಆ ಮಟ್ಟಿಗೆ ನ್ಯಾಯವಾಗಿಯೇ ನಡೆದುಕೊಂಡಿದ್ದರು, ನಿನ್ನನ್ನು ಕೇಳಿದ್ದರು. ಆ ದಿನ ನನಗೆ ಅಳು ಬಂದದ್ದು ಅವರಿಂದಾಗಿ ಅಲ್ಲ. ತರಬೇತಿಗೆ ಆಯ್ಕೆಯಾದ ಕಾಗದ ಆಗಲೇ ನನ್ನ ಟ್ರಂಕಿನಲ್ಲಿತ್ತು. ನಾನು ಒಳಗೆ ಬರುವುದಿಲ್ಲ, ಹಾಸನಕ್ಕೆ ಹೋಗುತ್ತೇನೆ ಎಂದೆ. ಕೂಗಾಟವೇನೂ ಆಗಲಿಲ್ಲ. ಮೂರು ವರ್ಷ ಹೊರಗಿದ್ದವಳು ಇನ್ನೂ ಸ್ವಲ್ಪ ಹೊರಗೆ ಹೋದಂತಾಯಿತು ಅವರಿಗೆ. ಮಾದಮ್ಮ ಅರಕಲಗೂಡಿನವರೆಗೆ ಬಂದು ಬಸ್ಸು ಹತ್ತಿಸಿದಳು. ಬಾನಿಯನ್ನು ಅವಳಿಗೇ ಕೊಟ್ಟೆ. ಅದೀಗ ಅವಳ ಮನೆಯ ಮುಂದಿದೆ, ಮೊಮ್ಮಗಳು ನೀರು ಹಾಕುತ್ತಾಳೆ. ಒಂದು ಮರಿಯನ್ನು ಮಾತ್ರ ಡಬ್ಬದಲ್ಲಿ ನೆಟ್ಟು ಇಲ್ಲಿಗೆ ತಂದಿದ್ದೇನೆ. ಇದೇ ಕಿಟಕಿಯಲ್ಲಿದೆ. ಕಿತ್ತು ತಂದದ್ದು, ಎರಡು ವರ್ಷ ಹೂ ಬಿಡುವುದಿಲ್ಲ. ನನ್ನ ತರಬೇತಿಯೂ ಎರಡು ವರ್ಷ, ಆದ್ದರಿಂದ ನನಗೆ ಅವಸರವಿಲ್ಲ.

ನಿನ್ನ ಮೂರನೆಯ ಕೋಣೆಗೆ ನಾನು ಬರುವುದಿಲ್ಲ. ಅತ್ತಿಗೆಯ ಮೇಲೆ ನನಗೆ ಬೇಸರವಿಲ್ಲ, ಅವರಿಗೆ ಈ ಕಾಗದ ತೋರಿಸುವುದೂ ಬಿಡುವುದೂ ನಿನ್ನಿಷ್ಟ. ಮನೆಗೆಲಸಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ. ನನ್ನನ್ನು ಕರೆದುಕೊಂಡು ಹೋಗಲು ಸಿಕ್ಕ ರಜೆಯಲ್ಲಿ ಮಕ್ಕಳನ್ನು ಎಲ್ಲಿಗಾದರೂ ಸುತ್ತಾಡಿಸು. ನೀನು ಕೆಟ್ಟವನೆಂದು ನಾನು ಹೇಳುತ್ತಿಲ್ಲ, ಕೆಟ್ಟವನಾದರೆ ಇಷ್ಟು ನೋವಾಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಹೊಳೆನರಸೀಪುರದ ಹೊಳೆ ದಾಟುವಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಆ ಅಣ್ಣನನ್ನೇ ನಂಬಿ ಕಾಗದ ಸುಟ್ಟೆ. ಊಟದ ಗಂಟೆ ಹೊಡೆಯುತ್ತಿದ್ದಾರೆ, ಇಲ್ಲಿಗೆ ನಿಲ್ಲಿಸುತ್ತೇನೆ. ಅತ್ತಿಗೆಗೆ ನಮಸ್ಕಾರ, ಮೂರು ಮಕ್ಕಳಿಗೂ ಅತ್ತೆಯ ಮುತ್ತು, ಅಮ್ಮನ ಮೂಗು ಬಂದ ಕೂಸಿಗೆ ಒಂದು ಹೆಚ್ಚು. ಎಲ್ಲರೂ ನೂರು ಕಾಲ ಚೆನ್ನಾಗಿರಿ.

ಇಂತು ನಿನ್ನ ತಂಗಿ,
ದಾಕ್ಷಾಯಣಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಊಟ ಮುಗಿಸಿ ಈಗ ಬಂದೆ. ಇವತ್ತು ಈರುಳ್ಳಿ ಹುಳಿ. ಬೇರೆ ಪಾತ್ರೆಯ ಸಾರು ಬಡಿಸಲು ಬಂದವರಿಗೆ ಬೇಡವೆಂದು ಹೇಳಿ, ಎಲ್ಲರ ಪಾತ್ರೆಯಿಂದಲೇ ಹಾಕಿಸಿಕೊಂಡೆ. ಮೊದಲು ಚೆನ್ನಾಗಿ ಮೂಸಿದೆ. ನಿನ್ನ ಗೆಡ್ಡೆಗೆ ಈ ವಾಸನೆ ಎಳ್ಳಷ್ಟೂ ಇರಲಿಲ್ಲ. ಆಮೇಲೆ ಉಂಡೆ, ಎರಡನೆಯ ಸಲವೂ ಹಾಕಿಸಿಕೊಂಡೆ. ರುಚಿಯಾಗಿತ್ತು. ನೀನು ಇದಕ್ಕಾಗಿ ಯಾರಿಗೂ ಬರೆಯುವ ತೊಂದರೆ ತೆಗೆದುಕೊಳ್ಳಬೇಡ, ಕ್ಷಮೆಯನ್ನು ಮೂರು ವರ್ಷದ ಹಿಂದೆಯೇ ಕೇಳಿಯಾಗಿದೆ.